ಸರ್ವರ್ ರೂಮಿನಲ್ಲಿ ಕೂಗಬಾರದು

ನಮ್ಮ ಆಫೀಸಿನಲ್ಲಿ ಸರ್ವರ್ ನಿಧಾನವಾಗಿದೆ ಎನ್ನುವುದಕ್ಕೆ ಯಾವ ಪುರಾವೆಯೂ ಬೇಡ. ಅಕೌಂಟ್ಸಿನ ಮೇಡಂ ಕುರ್ಚಿಯಿಂದ ಅರ್ಧ ಎದ್ದು, "ಏನ್ರೀ ಇವತ್ತು, ತುಂಬಾ ಸ್ಲೋ!" ಎಂದರೆ ಸಾಕು, ಅಕ್ಕಪಕ್ಕದ ವಿಭಾಗದವರೆಲ್ಲ "ಹೌದೌದು, ನಮಗೂ" ಎಂದು ದನಿಗೂಡಿಸುತ್ತಾರೆ. ಅವರಲ್ಲಿ ಒಬ್ಬರಾದರೂ ಆ ಹೊತ್ತಿಗೆ ಕಂಪ್ಯೂಟರನ್ನೇ ಆನ್ ಮಾಡಿರುವುದಿಲ್ಲ. ತೀರ್ಪು ಕೂಡ ಅಲ್ಲೇ, ಆಗಲೇ ಹೊರಬೀಳುತ್ತದೆ. ಕೋಡ್ ಬರೆಯುವ ಹುಡುಗರ ಪ್ರಕಾರ ತಪ್ಪು ಡಿಸ್ಕಿನದು. ಸರ್ವರ್ ಮಾರಿದವರ ಪ್ರಕಾರ ತಪ್ಪು ಹಳೆಯ ಸರ್ವರಿನದು, ಅಂದರೆ ಹೊಸದನ್ನು ಕೊಳ್ಳದ ನಮ್ಮದು. ಮ್ಯಾನೇಜರ್ ಪ್ರಕಾರ ವೈರಸ್. ಅವರಿಗೆ ಎಲ್ಲವೂ ವೈರಸ್ಸೇ. ಲಿಫ್ಟ್ ಕೆಟ್ಟು ನಿಂತಾಗಲೂ ಅನುಮಾನದಿಂದ ನನ್ನ ಮುಖ ನೋಡಿದ್ದರು. ಈ ಮೂರರಲ್ಲಿ ಯಾವುದನ್ನಾದರೂ ಒಪ್ಪಿಕೊಂಡುಬಿಟ್ಟರೆ ಸಿಸ್ಟಮ್ ಅಡ್ಮಿನ್ ಆದವನು ಐದೂವರೆಗೆ ಬಸ್ ಹತ್ತಬಹುದು. ಅಳೆದು ನೋಡುತ್ತೇನೆಂದು ಕೂತರೆ ಡಬ್ಬಿಯ ಊಟ ಡಬ್ಬಿಯಲ್ಲೇ ಉಳಿಯುತ್ತದೆ.

ಈ ಸಲದ ದೂರಿಗೆ ಗಡುವೂ ಅಂಟಿಕೊಂಡಿತ್ತು. ಜಿಎಸ್‌ಟಿಯ 3ಬಿ ರಿಟರ್ನ್ 20ನೇ ತಾರೀಖಿನೊಳಗೆ ಹೋಗಬೇಕು. ಅದಕ್ಕೂ ಮೊದಲು ತಿಂಗಳ ಬಿಲ್ಲುಗಳೆಲ್ಲ ಲೆಡ್ಜರಿಗೆ ಏರಬೇಕು. ಮೇಡಂ ಪೋಸ್ಟಿಂಗ್ ಬಟನ್ ಒತ್ತಿ, ಕಾಫಿ ಕುಡಿದು, ಮಗಳಿಗೆ ಫೋನ್ ಮಾಡಿ ಟ್ಯೂಶನ್ ವಿಚಾರಿಸಿ, ತಾಯಿ ಮಗಳು ಜಗಳವಾಡಿ ರಾಜಿಯಾದ ಮೇಲೂ ಪರದೆಯ ಮೇಲಿನ ಚಕ್ರ ತಿರುಗುತ್ತಲೇ ಇರುತ್ತಿತ್ತು. "ಹೋದ ತಿಂಗಳು ಕಾಫಿ ಲೋಟ ಕೆಳಗಿಡೋಷ್ಟರಲ್ಲಿ ಆಗಿತ್ತು" ಎಂದರು. ಇಡೀ ಆಫೀಸಿನಲ್ಲಿ ನನಗೆ ಸಿಕ್ಕ ಮೊದಲ ಅಳತೆ ಅದು, ಲೋಟದ ಲೆಕ್ಕದ್ದಾದರೇನು. ಹೋದ ತಿಂಗಳು ಸರಿಯಿತ್ತು, ಈ ತಿಂಗಳು ಇಲ್ಲ ಎಂದಮೇಲೆ ಹಳೆಯ ಸರ್ವರ್ ಎಂಬ ವಾದದ ಅರ್ಧ ಜೀವ ಹೋಯಿತು. ಯಾವ ಯಂತ್ರವೂ ಮೂವತ್ತು ದಿನದಲ್ಲಿ ಮುದಿಯಾಗುವುದಿಲ್ಲ.

ಮೊದಲು ಸರ್ವರಿನ ಮೇಲಿನ ಹೊರೆ ತೋರಿಸುವ 'ಟಾಪ್' ಓಡಿಸಿದೆ. ಸಿಪಿಯು ಆರಾಮಾಗಿದೆ, ಆದರೆ ಲೋಡ್ ಆವರೇಜ್ 40ರ ಮೇಲೆ ಹತ್ತಿ ಕೂತಿದೆ. ಫೋನಿನಲ್ಲಿ ಇದನ್ನು ಕೇಳಿಸಿಕೊಂಡ ಮಾರಾಟದ ಪ್ರತಿನಿಧಿ, "ನೋಡಿ ಸಾರ್, ನಾನು ಹೇಳಿರಲಿಲ್ವಾ, ಸಿಪಿಯು ಸಾಲ್ತಾ ಇಲ್ಲ" ಎಂದು ಆಗಲೇ ಕೊಟೇಶನ್ ಟೈಪು ಮಾಡತೊಡಗಿದ. ಸಾಲದೇನು, ಅದಕ್ಕೆ ಕೆಲಸವೇ ಇರಲಿಲ್ಲ. ಲಿನಕ್ಸ್‌ನಲ್ಲಿ 1993ರಿಂದಲೂ ಲೋಡ್ ಲೆಕ್ಕ ಹಾಕುವಾಗ ಸಿಪಿಯುಗೆ ಕಾದವರ ಜೊತೆಗೆ ಡಿಸ್ಕಿಗೆ ಕಾದವರನ್ನೂ ಸೇರಿಸಿ ಎಣಿಸುತ್ತಾರೆ. ಹಾಗಾಗಿ ಒಬ್ಬರೂ ಕೆಲಸ ಮಾಡದೆ ಎಲ್ಲರೂ ಸುಮ್ಮನೆ ಕಾಯುತ್ತ ನಿಂತಿದ್ದರೂ ಲೋಡ್ ಏರುತ್ತದೆ. ನಮ್ಮ ಮಾಸಿಕ ಸಭೆಯ ಬಗ್ಗೆ ನಾನಿಲ್ಲಿ ಏನೂ ಹೇಳುತ್ತಿಲ್ಲ. ಹೀಗೆ ಕಾಯುವ ಪ್ರೊಸೆಸ್‌ಗಳ ಪಕ್ಕ 'ಡಿ' ಎಂಬ ಅಕ್ಷರ ಬಿದ್ದಿರುತ್ತದೆ. ಆ ಸ್ಥಿತಿಯಲ್ಲಿರುವುದರ ಮೇಲೆ 'ಕಿಲ್ ಮೈನಸ್ ನೈನ್' ಎಂಬ ಬ್ರಹ್ಮಾಸ್ತ್ರ ಬಿಟ್ಟರೂ ಸಾಯುವುದಿಲ್ಲ; ಸಾಯುವುದಕ್ಕೂ ಡಿಸ್ಕಿನಿಂದ ಉತ್ತರ ಬರಬೇಕು.

ಡಿಸ್ಕಿನ ಮೇಲೆ ಬೆರಳು ತಿರುಗಿದ್ದೇ ತಡ, ಮಾರಿದವರ ಕಡೆಯ ಸರ್ವಿಸ್ ಎಂಜಿನಿಯರ್ ಬಂದ. ಬ್ಯಾಗನ್ನೂ ಕೆಳಗಿಡದೆ, ನಿಂತಲ್ಲೇ 'ಡಿಡಿ' ಎಂಬ ಆದೇಶ ಟೈಪಿಸಿ ಒಂದಿಷ್ಟು ಸೊನ್ನೆಗಳನ್ನು ಫೈಲಿಗೆ ಬರೆಸಿದ. ಸೆಕೆಂಡಿಗೆ 2 ಜಿಬಿ ಎಂದು ಬಂತು. "ಡಿಸ್ಕ್ ಸೂಪರ್ ಆಗಿದೆ ಸಾರ್" ಎಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೊರಟೇ ಹೋದ. ನಮ್ಮ ಸರ್ವರಿನಲ್ಲಿದ್ದದ್ದು ನಿಮಿಷಕ್ಕೆ 7,200 ಸುತ್ತು ತಿರುಗುವ ನಾಲ್ಕು ಸಾಧಾರಣ ಡಿಸ್ಕುಗಳು. ನಾಲ್ಕೂ ಸೇರಿ ಎದೆಯೊಡೆದು ಓಡಿದರೂ ಆ ವೇಗದ ಅರ್ಧ ಮುಟ್ಟುವುದಿಲ್ಲ. ನಡೆದದ್ದು ಇಷ್ಟೆ: ಲಿನಕ್ಸ್ ಆ ಸೊನ್ನೆಗಳನ್ನೆಲ್ಲ ರ‍್ಯಾಮಿನಲ್ಲಿ ಹಾಕಿಕೊಂಡು "ಬರೆದಾಯಿತು" ಎಂದು ಹೇಳಿ ಕಳಿಸಿತ್ತು. ಪರೀಕ್ಷೆ ನಡೆದದ್ದು ಡಿಸ್ಕಿಗೆ ಗೊತ್ತೇ ಆಗಿರಲಿಲ್ಲ.

ಆತ ಹೋದ ಮೇಲೆ 'ಫಿಯೋ' ತೆಗೆದೆ. ಇದು ಡೆನ್ಮಾರ್ಕಿನ ಜೆನ್ಸ್ ಆಕ್ಸ್‌ಬೋ ಬರೆದ ಪ್ರೋಗ್ರಾಮ್. ಡಿಸ್ಕಿನ ಎಲ್ಲೆಂದರಲ್ಲಿ ಸಣ್ಣ ಸಣ್ಣ ತುಣುಕು ಬರೆಸಿ, ಪ್ರತಿಯೊಂದೂ ನಿಜವಾಗಿ ತಟ್ಟೆಗೆ ಇಳಿಯುವ ತನಕ ಬಿಡದೆ ಕಾಯಿಸುವಂತೆ ಇದಕ್ಕೆ ಹೇಳಬಹುದು. ಹೇಳಿದೆ. ಸೆಕೆಂಡಿಗೆ ಸುಮಾರು 80 ಬರಹ. ಜಿಬಿ ಅಲ್ಲ, ಎಂಬಿಯೂ ಅಲ್ಲ, ಎಂಬತ್ತು ತುಣುಕು! ಜಾನ್ ಲಿಟಲ್ ಎಂಬವರು 1961ರಲ್ಲಿ ಸಾಧಿಸಿ ತೋರಿಸಿದ ಒಂದು ನಿಯಮವಿದೆ: ಸಾಲಿನಲ್ಲಿರುವವರ ಸಂಖ್ಯೆಯನ್ನು ಸೆಕೆಂಡಿಗೆ ಎಷ್ಟು ಮಂದಿ ಕೆಲಸ ಮುಗಿಸಿ ಹೊರಬರುತ್ತಾರೋ ಅದರಿಂದ ಭಾಗಿಸಿದರೆ ಒಬ್ಬೊಬ್ಬರೂ ಕಾಯುವ ಹೊತ್ತು ಸಿಗುತ್ತದೆ. ಸಾಲಿನಲ್ಲಿ 40, ಹೊರಬರುವುದು 80, ಅಂದರೆ ಒಂದೊಂದು ಬರಹಕ್ಕೂ ಅರ್ಧ ಸೆಕೆಂಡು. ಡಿಸ್ಕಿನ ಓಡಾಟದ ಲೆಕ್ಕ ತೋರಿಸುವ 'ಐಓಸ್ಟ್ಯಾಟ್' ತೆರೆದು ಕಾಯುವ ಹೊತ್ತಿನ ಕಾಲಂ ನೋಡಿದೆ. 500 ಮಿಲಿಸೆಕೆಂಡಿನ ಆಸುಪಾಸಿನಲ್ಲೇ ಓಲಾಡುತ್ತಿತ್ತು. ಲೆಕ್ಕ ಹೀಗೆ ಕೂಡಿಬಂದಾಗ ಆಗುವ ಸಂತೋಷವನ್ನು ಮನೆಯಲ್ಲಿ ಹೇಳಿಕೊಂಡರೆ ಯಾರೂ ತಟ್ಟೆಯಿಂದ ತಲೆಯೆತ್ತುವುದಿಲ್ಲ.

ಈ ಎಂಬತ್ತು ಆಕಾಶದಿಂದ ಉದುರಿದ ಸಂಖ್ಯೆಯಲ್ಲ. ನಿಮಿಷಕ್ಕೆ 7,200 ಸುತ್ತೆಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು, ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅದು 4. ಸೂಜಿ ಹೊತ್ತ ತೋಳು ಸರಿಯಾದ ಜಾಗಕ್ಕೆ ಸರಿಯಲು ಇನ್ನೊಂದು 8. ಒಟ್ಟು 12 ಮಿಲಿಸೆಕೆಂಡು, ಸೆಕೆಂಡಿಗೆ ಎಂಬತ್ತರ ಹತ್ತಿರ. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕ್ ಘಟಕದಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು, ತೂಕ ಸುಮಾರು ಒಂದು ಟನ್, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಒಂದನ್ನು ಹುಡುಕಿ ತರಲು ಸರಾಸರಿ 600 ಮಿಲಿಸೆಕೆಂಡು ಬೇಕಿತ್ತು. ಇಂದಿನ 20 ಟಿಬಿ ಡಿಸ್ಕಿನ ಹೊಟ್ಟೆ ಅದರ 40 ಲಕ್ಷ ಪಟ್ಟು. ನಡಿಗೆ ಮಾತ್ರ ಸುಮಾರು 50 ಪಟ್ಟು. ಡಿಸ್ಕಿನ ಡಬ್ಬಿಯ ಮೇಲೆ ಹೊಟ್ಟೆಯ ಅಳತೆಯನ್ನು ಅಷ್ಟು ದೊಡ್ಡದಾಗಿ ಅಚ್ಚು ಹಾಕುವವರು ನಡಿಗೆಯ ಸುದ್ದಿ ಎತ್ತದಿರುವುದು ಸಹಜವೇ.

ಹಾಗಾದರೆ ನಾಲ್ಕು ಡಿಸ್ಕಿಗೆ 320 ಆಗಬೇಕಿತ್ತಲ್ಲ ಎನ್ನಬಹುದು. ನಮ್ಮದು ರೇಡ್ 5. ಒಂದು ಡಿಸ್ಕ್ ಸತ್ತರೂ ಮಾಹಿತಿ ಉಳಿಯುವ ಈ ಏರ್ಪಾಟಿನಲ್ಲಿ ಒಂದು ಸಣ್ಣ ಬರಹಕ್ಕೆ ಹಳೆಯ ಮಾಹಿತಿಯನ್ನು ಓದಬೇಕು, ಪ್ಯಾರಿಟಿ ಎಂಬ ಹಳೆಯ ಕಾವಲು ಲೆಕ್ಕವನ್ನು ಓದಬೇಕು, ಎರಡನ್ನೂ ಹೊಸದಾಗಿ ಬರೆಯಬೇಕು. ಒಂದು ಕೆಲಸಕ್ಕೆ ನಾಲ್ಕು ಓಡಾಟ. ನಾಲ್ಕು ಡಿಸ್ಕುಗಳು ಕೂಡಿ ಕಟ್ಟಕಡೆಗೆ ಒಂದರ ಕೆಲಸ ಮಾಡುತ್ತವೆ. ಇಲ್ಲೂ ನಾನು ಮಾಸಿಕ ಸಭೆಯ ಬಗ್ಗೆ ಏನೂ ಹೇಳುತ್ತಿಲ್ಲ.

ಆದರೆ ಹೋದ ತಿಂಗಳೂ ರೇಡ್ 5 ಇತ್ತು, ಇದೇ ತಟ್ಟೆಗಳಿದ್ದವು. ಹೊಸದಾಗಿ ಏನು ಕೆಟ್ಟಿತು? ಬ್ಯಾಕಪ್ ಹಗಲು ಹೊತ್ತಿನಲ್ಲಿ ಓಡುತ್ತಿದೆಯೇ ನೋಡಿದೆ, ಇಲ್ಲ. ಡೆಬಿಯನ್ ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ರೇಡ್ ಇದ್ದರೆ ಇಡೀ ಡಿಸ್ಕನ್ನು ತಡಕಿ ನೋಡುವ ತಪಾಸಣೆ ಬಹುಕಾಲ ತಿಂಗಳ ಮೊದಲ ಭಾನುವಾರ ನಡುರಾತ್ರಿ 12:57ಕ್ಕೆ ಶುರುವಾಗುತ್ತಿತ್ತು. ಯಾವ ಪಂಚಾಂಗದ ಮುಹೂರ್ತವೋ, ಎಷ್ಟೋ ಅಡ್ಮಿನ್‌ಗಳು ಆ ರಾತ್ರಿ ಕಾರಣ ತಿಳಿಯದೆ ಎದ್ದು ಕೂತಿದ್ದಾರೆ. ನಮ್ಮಲ್ಲಿ ರೇಡ್ ನಡೆಸುವುದು ಬೇರೊಂದು ಕಾರ್ಡು, ಹಾಗಾಗಿ ಅದೂ ಅಲ್ಲ. ಡಿಸ್ಕುಗಳು ತಮ್ಮ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ಕೆಟ್ಟ ಸೆಕ್ಟರುಗಳಿಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಸರ್ವರ್ ರೂಮಿಗೇ ನುಗ್ಗಿದರು. ಅಲ್ಲಿನ ಫ್ಯಾನುಗಳ ಸದ್ದಿನಲ್ಲಿ ಮಾತು ಕೇಳಿಸದು; ಜೊತೆಗೆ ಸಿಟ್ಟೂ ಇತ್ತು. ರ‍್ಯಾಕಿನ ಮುಂದೆ ನಿಂತು "ಇನ್ನೂ ಎಷ್ಟು ದಿನಾರೀ ಇದು!" ಎಂದು ಗುಡುಗಿದರು. ನಾನು ಮೆತ್ತಗೆ, "ಸಾರ್, ಡಿಸ್ಕಿನ ಹತ್ತಿರ ಕೂಗಬಾರದು, ಇನ್ನೂ ಸ್ಲೋ ಆಗುತ್ತೆ" ಎಂದೆ. ಗೇಲಿ ಮಾಡುತ್ತಿದ್ದಾನೆಂದು ಅವರ ಮುಖ ಕೆಂಪಾಯಿತು. ಆದರೆ ಅದು ಸತ್ಯ. ಬ್ರೆಂಡನ್ ಗ್ರೆಗ್ ಎಂಬ ಆಸ್ಟ್ರೇಲಿಯಾದ ಎಂಜಿನಿಯರ್ 2008ರ ಕೊನೆಯಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದಾಗ ಡಿಸ್ಕ್ ಜೋಡಿಸಿದ ಪೆಟ್ಟಿಗೆಗಳ ಮುಂದೆ ಬಾಯಿ ಹಾಕಿ ಕಿರುಚಿ, ಆ ಕಂಪನಕ್ಕೆ ಡಿಸ್ಕ್ ಉತ್ತರಿಸುವ ಹೊತ್ತು ಗ್ರಾಫಿನಲ್ಲಿ ಚಂಗನೆ ಏರುವುದನ್ನು ವಿಡಿಯೋದಲ್ಲಿ ತೋರಿಸಿದ್ದಾರೆ. ಫೋನಿನಲ್ಲಿ ಹಾಕಿ ತೋರಿಸಿದೆ. ಅಂದಿನಿಂದ ಮ್ಯಾನೇಜರ್ ಸರ್ವರ್ ರೂಮಿನಲ್ಲಿ ಪಿಸುಗುಟ್ಟುತ್ತಾರೆ. ಇದೊಂದು ಕಾರಣಕ್ಕೆ ಆ ಎಂಜಿನಿಯರಿಗೆ ನನ್ನ ಸಾಷ್ಟಾಂಗ ನಮಸ್ಕಾರ.

ಕೊನೆಗೆ ರೇಡ್ ಕಾರ್ಡಿನ ಲಾಗ್ ತೆರೆದೆ. ಕಳ್ಳ ಎಲ್ಲೂ ಅಡಗಿರಲಿಲ್ಲ, ಸಹಿ ಹಾಕಿ ಕೂತಿದ್ದ: ಬ್ಯಾಟರಿ ವಿಫಲ, ರೈಟ್-ಬ್ಯಾಕ್ ನಿಲ್ಲಿಸಿ ರೈಟ್-ಥ್ರೂಗೆ ಬದಲಾಯಿಸಲಾಗಿದೆ. ಇದೇ ಎಚ್ಚರಿಕೆಯನ್ನು ಕಾರ್ಡು ದಿನವೂ ತಪ್ಪದೆ ಮೇಲ್ ಮಾಡುತ್ತಿತ್ತು, ಕೆಲಸ ಬಿಟ್ಟು ಕೆನಡಾಕ್ಕೆ ಹೋಗಿ ನೆಲೆಸಿದವನೊಬ್ಬನ ವಿಳಾಸಕ್ಕೆ.

ಕಾರ್ಡಿನ ಒಳಗೆ ಒಂದಿಷ್ಟು ರ‍್ಯಾಮ್ ಇರುತ್ತದೆ. ಅದು ಅಪಾರ್ಟ್‌ಮೆಂಟಿನ ವಾಚ್‌ಮನ್ ಇದ್ದಂತೆ: ಕೊರಿಯರ್ ಹುಡುಗನಿಂದ ಪಾರ್ಸೆಲ್ ತೆಗೆದುಕೊಂಡು ತಾನೇ ಸಹಿ ಹಾಕಿ ಕಳಿಸುತ್ತಾನೆ, ಬಿಡುವಾದಾಗ ಎರಡನೇ ಮಹಡಿಯದೆಲ್ಲ ಒಟ್ಟಿಗೆ, ಮೂರನೆಯದೆಲ್ಲ ಒಟ್ಟಿಗೆ ತಲುಪಿಸುತ್ತಾನೆ. ರೈಟ್-ಬ್ಯಾಕ್ ಎಂದರೆ ಇದೇ. ಕರೆಂಟು ಹೋದರೆ ಆ ರ‍್ಯಾಮಿನಲ್ಲಿದ್ದದ್ದು ಅಳಿಸಿಹೋಗದಂತೆ ಕಾಯಲು ಕಾರ್ಡಿಗೊಂದು ಪುಟ್ಟ ಲಿಥಿಯಂ ಬ್ಯಾಟರಿ. ಬ್ಯಾಟರಿ ಸತ್ತಿತೋ, ಕಾರ್ಡು ಸಹಿ ಹಾಕುವ ಜವಾಬ್ದಾರಿಯೇ ಬೇಡವೆಂದು ಕೈ ತೊಳೆದುಕೊಳ್ಳುತ್ತದೆ. ಪ್ರತಿ ಬರಹವೂ ತಾನೇ ಮೆಟ್ಟಿಲು ಹತ್ತಿ ತಟ್ಟೆಯ ತನಕ ಹೋಗಿ ಬರಬೇಕು; ಅದು ರೈಟ್-ಥ್ರೂ.

ಕೋಡ್ ಹುಡುಗರ ಗುಟ್ಟೂ ಆಗಲೇ ಹೊರಬಿತ್ತು. ಅವರ ಪೋಸ್ಟಿಂಗ್ ಪ್ರೋಗ್ರಾಮ್ ಒಂದೊಂದು ಬಿಲ್ಲಿಗೂ ಒಂದೊಂದು ಕಮಿಟ್ ಮಾಡಿ, ಡಿಸ್ಕಿಗೆ ಇಳಿಯಿತೇ ಇಳಿಯಿತೇ ಎಂದು ಪ್ರತಿ ಸಲವೂ ಕೇಳುತ್ತಿತ್ತು. ಬ್ಯಾಟರಿ ಬದುಕಿದ್ದಷ್ಟು ದಿನ ಈ ಚಾಳಿಯನ್ನು ಕಾರ್ಡು ಮರ್ಯಾದೆಯಿಂದ ಮುಚ್ಚಿಟ್ಟಿತ್ತು. "ನೂರು ಬಿಲ್ಲಿಗೊಂದು ಕಮಿಟ್ ಮಾಡಪ್ಪಾ" ಎಂದರೆ ಹುಡುಗ, "ಅಣ್ಣಾ, ಬ್ಯಾಟರಿ ಇಲ್ಲದಿದ್ರೂ ರೈಟ್-ಬ್ಯಾಕ್ ಮಾಡು ಅಂತ ಕಾರ್ಡಿಗೆ ಬಲವಂತ ಮಾಡೋ ಆಪ್ಶನ್ ಇದೆಯಲ್ಲ, ಅದನ್ನೇ ಒತ್ತಿಬಿಡಿ" ಎಂದ. ಇದೆ. ಒತ್ತಿದ ಸಂಜೆ ಮಳೆ ಬಂದು ಯುಪಿಎಸ್ ಕೈಕೊಟ್ಟರೆ ಬರೆದಾಯಿತೆಂದು ಸಹಿ ಬಿದ್ದ ಬಿಲ್ಲುಗಳು ಯಾವ ಲೋಕದಲ್ಲೂ ಸಿಗುವುದಿಲ್ಲ. ಮೇಡಂಗೆ ಅದನ್ನು ವಿವರಿಸುವ ಧೈರ್ಯ ಅವನಿಗಿದೆಯೇ ಎಂದು ಕೇಳಿದೆ. ಸುಮ್ಮನಾದ.

ಇನ್ನು ಪರ್ಚೇಸಿನ ರಾಯರು. ಅಂಗೈಯಲ್ಲಿ ಹಿಡಿಸುವ ಆ ಬ್ಯಾಟರಿಯ ಅರ್ಜಿ ನೋಡಿ, "ಬ್ಯಾಟರಿಗೆ ಮೊನ್ನೆ ತಾನೆ ಡಿಸ್ಟಿಲ್ಡ್ ವಾಟರ್ ಹಾಕಿಸಿದ್ದೀವಲ್ಲ?" ಎಂದರು. "ಅದು ಯುಪಿಎಸ್‌ದು ರಾಯರೇ, ಇದು ಸರ್ವರ್ ಒಳಗಿನದು." "ಸರ್ವರ್ ಕರೆಂಟಲ್ಲಿ ತಾನೆ ಓಡೋದು?" ಎಂದು ಕನ್ನಡಕದ ಮೇಲಿಂದ ನೋಡಿದರು. ಕರೆಂಟಿನಲ್ಲಿ ಓಡುವುದಕ್ಕೆ ಬ್ಯಾಟರಿ, ಬ್ಯಾಟರಿ ಇರುವುದಕ್ಕೆ ಯುಪಿಎಸ್, ಯುಪಿಎಸ್ ಇದ್ದ ಮೇಲೂ ಜನರೇಟರ್. ಅವರ ಪ್ರಶ್ನೆಯಲ್ಲಿ ನ್ಯಾಯವಿರಲಿಲ್ಲ ಎನ್ನಲಾರೆ. ಮೂರು ಕೊಟೇಶನ್ ಬೇಕೆಂದರು. ಬ್ಯಾಟರಿ ಮಾರುವವರು ಊರಿಗೆ ಒಬ್ಬರೇ; ಸಿಕ್ಕಿದ ಎರಡನೇ ಕೊಟೇಶನ್ ಬ್ಯಾಟರಿಯದಲ್ಲ, ಹೊಸ ಸರ್ವರಿನದು. ಎಲ್ಲವನ್ನೂ ಎಸ್‌ಎಸ್‌ಡಿಗೆ ಬದಲಾಯಿಸಿದರೆ ತಿರುಗುವ ತಟ್ಟೆಯ ಗೋಳೇ ಇರುವುದಿಲ್ಲವೆಂದು ನಾನೂ ಒಂದು ಮಾತು ಹಾಕಿ ನೋಡಿದೆ. ಮುಂದಿನ ವರ್ಷದ ಬಜೆಟ್ಟಿಗೆ ಬರೆದುಕೊಂಡರು. ಹೋದ ವರ್ಷವೂ ಬರೆದುಕೊಂಡಿದ್ದರು.

ಅಂತೂ ಬ್ಯಾಟರಿ ಬಂತು. ಭಾನುವಾರ ಸರ್ವರ್ ಆರಿಸಿ ಕೂರಿಸಿದೆ. ಅದು ಚಾರ್ಜ್ ಆಗುವ ತನಕ ಕಾರ್ಡು ನಂಬಲಿಲ್ಲ, ಆಮೇಲೆ ರೈಟ್-ಬ್ಯಾಕ್‌ಗೆ ಮರಳಿತು. ಸೋಮವಾರ ಮೇಡಂ ಬಟನ್ ಒತ್ತಿ ಕುರ್ಚಿ ಹಿಂದೆ ಸರಿಸುವ ಮೊದಲೇ ಪೋಸ್ಟಿಂಗ್ ಮುಗಿಯಿತು. ನಾನು ಪಕ್ಕದಲ್ಲೇ ನಿಂತಿದ್ದೆ, ಒಂದು ಶಹಬ್ಬಾಸ್ ಬಿದ್ದೀತೆಂದು. ಅವರು ಪರದೆಯನ್ನೂ ನನ್ನನ್ನೂ ನೋಡಿ, "ಇಷ್ಟು ಬೇಗ ಆಯ್ತು ಅಂದ್ರೆ ಎಲ್ಲೋ ಬಿಲ್ಲು ಬಿಟ್ಟಿರುತ್ತೆ ಕಣ್ರೀ" ಎಂದರು. ಪೋಸ್ಟ್ ಆದದ್ದನ್ನೆಲ್ಲ ಪ್ರಿಂಟ್ ತೆಗೆಸಿ, ಕೆಂಪು ಪೆನ್ನು ಹಿಡಿದು ಒಂದೊಂದಕ್ಕೂ ಟಿಕ್ ಹಾಕತೊಡಗಿದರು. ಅರ್ಧದಲ್ಲೇ ಪ್ರಿಂಟರಿನ ಕಾಗದ ಮುಗಿಯಿತು. ಒಂದು ರೀಮಿಗೆ ಹೇಳಿ ಕಳಿಸಿದರೆ ರಾಯರು ಕೊಟೇಶನ್ ಕೇಳಿದರು.