ನಾಲ್ಕು ಕಾಲಿನ ಯಾತ್ರಿಕ, ಎರಡು ಕಾಲಿನ ಹಮಾಲಿ

ಇಂಗ್ಲೆಂಡಿನ ಪಶ್ಚಿಮ ಕಡಲ ದಂಡೆಯ ಸೇಂಟ್ ಬೀಸ್‌ನಿಂದ ಪೂರ್ವ ದಂಡೆಯ ರಾಬಿನ್ ಹುಡ್ಸ್ ಬೇವರೆಗೆ ಸಾಗುವ ಕಾಲುದಾರಿಗೆ ‘ಕೋಸ್ಟ್ ಟು ಕೋಸ್ಟ್’ ಎಂದು ಹೆಸರು. ಉದ್ದ ಸುಮಾರು 190 ಮೈಲಿ, ಅಂದರೆ 300 ಕಿಲೋಮೀಟರಿಗೂ ಹೆಚ್ಚು. ಲೇಕ್ ಡಿಸ್ಟ್ರಿಕ್ಟ್, ಯಾರ್ಕ್‌ಷೈರ್ ಡೇಲ್ಸ್, ನಾರ್ತ್ ಯಾರ್ಕ್ ಮೂರ್ಸ್ ಎಂಬ ಮೂರು ರಾಷ್ಟ್ರೀಯ ಉದ್ಯಾನಗಳು ನಡುವೆ ಸಿಗುತ್ತವೆ. ಪ್ರಾಣಿದಯಾ ಸಂಸ್ಥೆಗಳಿಗೆ ಹಣ ಕೂಡಿಸಲೆಂದು ನಾಯಿಯನ್ನು ಕರೆದುಕೊಂಡು ಹೊರಡುವವರಿಗೆ ಇದಕ್ಕಿಂತ ಒಪ್ಪುವ ದಾರಿ ಇನ್ನೊಂದಿರಲಾರದು. ಏಕೆಂದರೆ ದಾರಿ ರೂಪಿಸಿದವರೂ ಅದೇ ಕೆಲಸಕ್ಕೆ ತಮ್ಮ ಗಳಿಕೆಯನ್ನು ಕೊಟ್ಟವರು.

ಅವರು ಆಲ್ಫ್ರೆಡ್ ವೇನ್‌ರೈಟ್ (1907–1991). ಕೆಂಡಲ್ ಪಟ್ಟಣದ ಪೌರಾಡಳಿತದಲ್ಲಿ ಖಜಾಂಚಿ. ಕೆಲಸದ ದಿನ ಲೆಕ್ಕಪತ್ರ, ರಜೆಯ ದಿನ ಬೆಟ್ಟ. ಲೇಕ್ ಡಿಸ್ಟ್ರಿಕ್ಟಿನ 214 ಬೆಟ್ಟಗಳ ಬಗ್ಗೆ ತಾವೇ ಚಿತ್ರ ಬರೆದು, ಅಕ್ಷರಗಳನ್ನೂ ಕೈಯಲ್ಲೇ ಬರೆದು ಏಳು ಸಂಪುಟ ಹೊರತಂದರು. ಕಡಲಿನಿಂದ ಕಡಲಿಗೆ ಹೋಗುವ ಈ ದಾರಿಯ ಪುಸ್ತಕ 1973ರಲ್ಲಿ ಬಂತು. ಮನುಷ್ಯರ ಸಹವಾಸ ಅವರಿಗೆ ಅಷ್ಟಕ್ಕಷ್ಟೆ; ಒಂಟಿಯಾಗಿ ನಡೆಯುವುದೇ ಇಷ್ಟ. ಪ್ರಾಣಿಗಳ ವಿಷಯದಲ್ಲಿ ಮಾತ್ರ ಈ ಬಿಗುಮಾನ ಇರಲಿಲ್ಲ. 1972ರಲ್ಲಿ ಶುರುವಾದ ‘ಅನಿಮಲ್ ರೆಸ್ಕ್ಯೂ ಕಂಬ್ರಿಯಾ’ ಎಂಬ ಸಂಸ್ಥೆಗೆ ಅವರು ಅಧ್ಯಕ್ಷರಾದರು, ಪುಸ್ತಕದ ಲಾಭವನ್ನು ಅದರ ಬೆಕ್ಕು ನಾಯಿಗಳ ಆಶ್ರಯಧಾಮಕ್ಕೆ ಸುರಿದರು. ಈಗ ಅವರ ಏಕಾಂತದ ದಾರಿಯಲ್ಲಿ ಬಣ್ಣದ ಟೀ ಶರ್ಟು ತೊಟ್ಟ ಗುಂಪುಗಳು ನಾಯಿಗಳ ಜೊತೆ ಗದ್ದಲ ಮಾಡುತ್ತ ಸಾಗುವುದನ್ನು ಕಂಡಿದ್ದರೆ, ಅವರು ನಾಯಿಗಳನ್ನಷ್ಟೇ ಮಾತನಾಡಿಸುತ್ತಿದ್ದರು.

ಹಣ ಕೂಡಿಸುವ ಕ್ರಮ ಸರಳ. ಹೊರಡುವ ಮುನ್ನ ನೆಂಟರು, ನೆರೆಯವರು, ಕಚೇರಿಯ ಸಹೋದ್ಯೋಗಿಗಳನ್ನು ಹಿಡಿದು ಮೈಲಿಗೆ ಇಷ್ಟು ಅಥವಾ ಇಡೀ ನಡಿಗೆಗೆ ಇಷ್ಟು ಎಂದು ಒಪ್ಪಿಸಬೇಕು. ತೆರಿಗೆ ಕಟ್ಟುವ ದಾನಿ ಒಂದು ಫಾರಂ ತುಂಬಿದರೆ, ಕೊಟ್ಟ ಪ್ರತಿ ಪೌಂಡಿಗೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ. ಮನವಿಯ ಮೇಲೆ ನಾಯಿಯ ಫೋಟೊ ಇರುವುದು ಅವಶ್ಯ. ಹಣ ಬರುವುದು ಆ ಮುಖ ನೋಡಿಯೇ. ಪಕ್ಕದಲ್ಲಿ ನಿಂತ ಮನುಷ್ಯನ ಮುಖ ನೋಡಿ ಜೇಬಿಗೆ ಕೈಹಾಕಿದವರು ಕಡಿಮೆ.

ಇನ್ನು ತಯಾರಿ. ಮೂಳೆ ಬಲಿಯದ ಮರಿಗಳು ಇಷ್ಟು ದೂರ ನಡೆಯಬಾರದು. ಚಪ್ಪಟೆ ಮೂಗಿನ ಪಗ್, ಬುಲ್‌ಡಾಗ್‌ಗಳಿಗೂ ಇದು ಸಲ್ಲದು. ನಾಯಿ ಮೈತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಉಸಿರಾಟವೇ ಕಷ್ಟವಾದ ಜಾತಿಗೆ ಬಿಸಿಲು ಬಹಳ ಬೇಗ ತಾಗುತ್ತದೆ. ಉಳಿದವುಗಳಿಗೂ ವಾರವಾರ ದೂರ ಹೆಚ್ಚಿಸುತ್ತ ಅಭ್ಯಾಸ ಮಾಡಿಸಬೇಕು, ಪಶುವೈದ್ಯರಿಗೆ ತೋರಿಸಬೇಕು. ನಾಯಿಯ ಹೃದಯ, ಕೀಲು, ಉಗುರುಗಳನ್ನೆಲ್ಲ ಪರೀಕ್ಷೆ ಮಾಡಿಸಿದವರು ತಮ್ಮ ಮಂಡಿಯನ್ನು ಯಾರಿಗೂ ತೋರಿಸದೆ ಹೊರಡುವುದು ಈ ನಡಿಗೆಗಳ ಸಾಮಾನ್ಯ ಲಕ್ಷಣ.

ಹೊರಡುವಾಗ ಐರಿಷ್ ಸಮುದ್ರದಲ್ಲಿ ಬೂಟು ಅದ್ದಿ, ಒಂದು ಬೆಣಚುಕಲ್ಲು ಆರಿಸಿ ಜೇಬಿಗೆ ಹಾಕಿಕೊಂಡು, ಕೊನೆಗೆ ಅದನ್ನು ಉತ್ತರ ಸಮುದ್ರಕ್ಕೆ ಎಸೆಯುವುದು ವಾಡಿಕೆ. ಎಸೆಯಲಿಕ್ಕೆಂದು ಕಲ್ಲನ್ನು ಅಷ್ಟು ದೂರ ಹೊರುವುದೇಕೆಂದು ನಾಯಿಗೆ ಅರ್ಥವಾಗದು. ಎಸೆದದ್ದನ್ನು ಮರಳಿ ತರಬೇಕೆಂದೇ ಅದು ಕಲಿತಿರುವುದು.

ಸೇಂಟ್ ಬೀಸ್ ಬಿಟ್ಟ ಮೇಲೆ ಎನರ್‌ಡೇಲ್, ಗ್ರಾಸ್ಮಿಯರ್, ಪ್ಯಾಟರ್‌ಡೇಲ್. ಅಲ್ಲಿಂದ ಮುಖ್ಯ ದಾರಿಯ ಅತಿ ಎತ್ತರದ ಜಾಗ, 780 ಮೀಟರಿನ ಕಿಡ್‌ಸ್ಟಿ ಪೈಕ್. ಇದೆಲ್ಲ ಕುರಿಗಳ ರಾಜ್ಯ. ಹೊಲದಲ್ಲಿ ಕುರಿಯನ್ನು ನಾಯಿ ಅಟ್ಟಿದರೆ 1953ರ ಕಾನೂನಿನ ಪ್ರಕಾರ ಅಪರಾಧ. ಕೆಲವು ಸಂದರ್ಭಗಳಲ್ಲಿ ರೈತ ನಾಯಿಗೆ ಗುಂಡು ಹೊಡೆದರೂ ಕಾನೂನು ಅವನ ಪರ. ಸಾರ್ವಜನಿಕರಿಗೆ ತೆರೆದ ಬೆಟ್ಟ ಬಯಲುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯ ಹಗ್ಗ ಎರಡು ಮೀಟರಿಗಿಂತ ಉದ್ದ ಇರಕೂಡದು. ಹಸುಗಳ ಹಿಂಡು ಬೆನ್ನಟ್ಟಿದರೆ ಸಲಹೆ ತಲೆಕೆಳಗಾಗುತ್ತದೆ: ಹಗ್ಗ ಬಿಟ್ಟುಬಿಡಿ. ಹಸುವಿನ ಸಿಟ್ಟು ನಾಯಿಯ ಮೇಲೆ. ನಾಯಿಗೆ ಓಡಲು ಬರುತ್ತದೆ, ಹಗ್ಗ ಹಿಡಿದು ನಿಂತವನಿಗೆ ಬರುವುದಿಲ್ಲ.

ಕುರಿ ಹಸುಗಳಿಗಿಂತ ದೊಡ್ಡ ತೊಡಕು ಬೇಲಿ. ಮಲೆನಾಡಿನ ತೋಟದ ತಡಮೆಯಂತೆ ಇಲ್ಲಿಯೂ ಕಲ್ಲುಗೋಡೆ, ತಂತಿಬೇಲಿಗಳನ್ನು ದಾಟಲು ಮೆಟ್ಟಿಲುಗಳಿವೆ. ಮನುಷ್ಯನ ಕಾಲಿನ ಅಳತೆಗೆ ಕಟ್ಟಿದವು. ಮೂವತ್ತು ಕಿಲೋ ತೂಗುವ ಲ್ಯಾಬ್ರಡಾರ್ ಅದರೆದುರು ಕುಳಿತು ಒಡೆಯನ ಮುಖ ನೋಡುತ್ತದೆ. ಆಮೇಲೆ ನಡೆಯುವುದು ಪ್ರತಿ ಬೇಲಿಯಲ್ಲೂ ಒಂದೇ: ಒಡೆಯ ಕೆಸರಿನ ನಾಯಿಯನ್ನು ಅವುಚಿ ಎತ್ತಿ ಆಚೆ ಇಳಿಸುತ್ತಾನೆ, ಬಿದ್ದ ಟೋಪಿಯನ್ನು ಎತ್ತಿಕೊಳ್ಳುತ್ತಾನೆ. ನಾಯಿಯ ಊಟ, ನೀರು, ಬಟ್ಟಲು, ಟವೆಲು, ಉಣ್ಣಿ ಕೀಳುವ ಕೊಕ್ಕೆ ಎಲ್ಲವೂ ಅವನ ಬೆನ್ನ ಮೇಲೆ. ನಾಯಿ ದಾರಿಯಲ್ಲಿ ಬಿಟ್ಟದ್ದೂ ಚೀಲದಲ್ಲಿ ಕಟ್ಟಿ ಅವನ ಜೊತೆಗೇ, ಮುಂದಿನ ಕಸದ ಬುಟ್ಟಿ ಎಷ್ಟೇ ದೂರವಿದ್ದರೂ. ದಾನ ಎಂದರೆ ಕೊಡುವುದು ಎಂದು ತಿಳಿದವರು ಹೊರುವುದನ್ನೂ ಇಲ್ಲಿ ಕಲಿಯುತ್ತಾರೆ.

ಮುಂದೆ ನೈನ್ ಸ್ಟ್ಯಾಂಡರ್ಡ್ಸ್ ರಿಗ್ ಬೆಟ್ಟದ ಬಳಿಯ ಹುದುಲಿನಲ್ಲಿ ನಾಯಿಯೂ ಒಡೆಯನೂ ಒಂದೇ ಬಣ್ಣಕ್ಕೆ ತಿರುಗುತ್ತಾರೆ. ಸಂಜೆ ತಂಗುವ ಮನೆಯ ಬಾಗಿಲಲ್ಲಿ ಟವೆಲು ಸಿಗುವುದು ಮೊದಲು ನಾಯಿಗೆ. ನಾಯಿಗಳನ್ನು ಸೇರಿಸಿಕೊಳ್ಳುವ ತಂಗುದಾಣಗಳು ಎಲ್ಲ ಊರಲ್ಲೂ ಇಲ್ಲದ್ದರಿಂದ ಕೋಣೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ರಿಚ್ಮಂಡ್ ದಾಟಿದ ಮೇಲಿನ ಬಯಲಿನಲ್ಲಿ ವರ್ಣಿಸುವಂಥದ್ದು ಹೆಚ್ಚಿಲ್ಲ. ಡಾಂಬರು ರಸ್ತೆ ಬಿಸಿಯಾಗಿದ್ದರೆ ನಾಯಿಯ ಅಂಗಾಲು ನೋಡಿಕೊಳ್ಳಬೇಕು, ಅಷ್ಟೆ. ಎರಡು ವಾರದ ಸುಮಾರಿಗೆ ರಾಬಿನ್ ಹುಡ್ಸ್ ಬೇ ಬರುತ್ತದೆ. ಒಡೆಯ ಕುಂಟುತ್ತಿರುತ್ತಾನೆ. ನಾಯಿ ಸಮುದ್ರಕ್ಕೆ ಹಾರಿ, ಮೈ ಕೊಡವಿ, ಮುಂದೆಲ್ಲಿಗೆ ಎಂದು ನೋಡುತ್ತಿರುತ್ತದೆ.

ಕೂಡಿದ ಹಣ ಆಶ್ರಯಧಾಮದ ಊಟ, ಔಷಧಿ, ಸಂತಾನಹರಣ ಚಿಕಿತ್ಸೆಗಳಿಗೆ ಹೋಗುತ್ತದೆ. ಇಂಥ ನಡಿಗೆಗೆ ಸೇರುವ ಮನಸ್ಸಿದ್ದು ನಾಯಿಗೆ ವಯಸ್ಸಾಗಿದ್ದರೆ ಅದನ್ನು ಮನೆಯಲ್ಲೇ ಬಿಟ್ಟು ಒಬ್ಬರೇ ನಡೆಯಿರಿ. ಮನವಿಯಲ್ಲಿ ಮಾತ್ರ ಅದರ ಫೋಟೊ ಮರೆಯಬೇಡಿ.