ಅರ್ಧ ಸಂಬಳದ ಸಾಹುಕಾರ

ಬೆಲೆ ಏರಿತೆಂದು ಖುಷಿಪಡುವವರು ಈ ದೇಶದಲ್ಲಿ ಇಬ್ಬರೇ: ಗೋದಾಮು ತುಂಬಿಸಿಟ್ಟ ವರ್ತಕ ಮತ್ತು ಪಿಂಚಣಿದಾರ. ವರ್ತಕ ತನ್ನ ಖುಷಿಯನ್ನು ಬಚ್ಚಿಡುತ್ತಾನೆ. ನಮಗೆ ಆ ಸಂಕೋಚವಿಲ್ಲ. ಮೈಸೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಿಗ್ಗೆ ಯಾರಾದರೂ “ಬೇಳೆ ಮತ್ತೆ ಜಾಸ್ತಿಯಾಯ್ತಂತೆ ಸಾರ್” ಅಂದರೆ, ಪಕ್ಕದವರು “ಹಾಗಿದ್ರೆ ಈ ಸಲ ಮೂರು ಪರ್ಸೆಂಟ್ ಗ್ಯಾರಂಟಿ” ಎಂದು ಮಂಡಿನೋವು ಮರೆತು ಎದ್ದು ನಿಲ್ಲುತ್ತಾರೆ. ಬೇಳೆ ಏರಿದರೆ ಬೆಲೆ ಸೂಚ್ಯಂಕ ಏರುತ್ತದೆ, ಸೂಚ್ಯಂಕ ಏರಿದರೆ ಜನವರಿಗೋ ಜುಲೈಗೋ ನಮ್ಮ ಡಿಎ ಏರುತ್ತದೆ. ಜುಲೈನದು ಸಾಮಾನ್ಯವಾಗಿ ದಸರಾ–ದೀಪಾವಳಿಯ ಹೊತ್ತಿಗೆ ಬಾಕಿ ಸಮೇತ ಕೈಸೇರುವುದರಿಂದ, ಬೇಳೆ ತುಟ್ಟಿಯಾದದ್ದಕ್ಕೆ ಹೋಳಿಗೆ ಮಾಡಿ ಉಣ್ಣುವ ಯೋಗವೂ ನಮ್ಮದೇ.

ನಾನು ಅಂಚೆ ಇಲಾಖೆಯವನು. ನಿವೃತ್ತಿಗೆ ಮುಂಚೆ ನನ್ನನ್ನು ಹೆದರಿಸುತ್ತಿದ್ದದ್ದು ‘ಅರ್ಧ’. ಕೊನೆಯ ಮೂಲ ವೇತನದ ಅರ್ಧವೇ ಪಿಂಚಣಿ, ಅದರ ಮೇಲೆ ಡಿಎ. ಇಡೀ ಸಂಬಳದಲ್ಲೇ ಇಪ್ಪತ್ತನೇ ತಾರೀಕು ದಾಟಲು ಒದ್ದಾಡುತ್ತಿದ್ದವರು ಅರ್ಧದಲ್ಲಿ ಹೇಗೆ ಬದುಕುವುದು? ಬದುಕಿ ನೋಡಿದ ಮೇಲೆ ಗೊತ್ತಾಯಿತು, ಆ ಇಡೀ ಸಂಬಳ ಎಂದೂ ನನ್ನದಾಗಿರಲಿಲ್ಲ. ಮನೆ ಸಾಲದ ಕಂತು, ಮಕ್ಕಳ ಫೀಸು, ಎಲ್‌ಐಸಿ, ನಾದಿನಿಯ ಮದುವೆಗೆ ಹಾಕಿದ ಚೀಟಿ, ಇವೆಲ್ಲ ತಂತಮ್ಮ ಪಾಲು ಎತ್ತಿಕೊಂಡು ನನಗೆ ಬಸ್ ಚಾರ್ಜು ಬಿಡುತ್ತಿದ್ದವು. ಈಗ ಬರುವ ಅರ್ಧ ಪೂರ್ತಿ ನನ್ನದೇ. ಗಣಿತದ ಮೇಷ್ಟ್ರು ಒಪ್ಪದಿದ್ದರೂ ಪಾಸ್‌ಬುಕ್ ಒಪ್ಪುತ್ತದೆ.

ಉಳಿದದ್ದು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿದೆ. 2004ರಲ್ಲಿ ಆ ಯೋಜನೆ ಬಂದಾಗ ಕೌಂಟರಿನ ಒಳಗೆ ಕೂತು ಎಷ್ಟೋ ಹಿರಿಯರ ಖಾತೆ ತೆರೆದಿದ್ದೆ. ಮೂರು ತಿಂಗಳಿಗೊಮ್ಮೆ ಬಡ್ಡಿಯ ದಿನ, ಬಾಗಿಲು ತೆಗೆಯುವ ಮೊದಲೇ ಅವರೆಲ್ಲ ಮಡಿಸಿದ ಕೊಡೆ ಹಿಡಿದು ನಿಂತಿರುತ್ತಿದ್ದರು. ಈಗ ನಾನು ಕೌಂಟರಿನ ಹೊರಗೆ, ಕೊಡೆಯ ಸಮೇತ. ಬಡ್ಡಿ ಖಾತೆಗೆ ತಾನಾಗಿ ಜಮೆಯಾಗುತ್ತದೆ, ನಿಜ. ಆದರೆ ಪಾಸ್‌ಬುಕ್ಕಿನಲ್ಲಿ ಅದು ಕರಕರ ಎಂದು ಅಚ್ಚಾಗುವುದನ್ನು ಕಿವಿಯಾರೆ ಕೇಳುವ ಸುಖ ಮೊಬೈಲಿನ ಟಿಂಗ್ ಸದ್ದಿಗೆಲ್ಲಿ? 2023ರಲ್ಲಿ ಠೇವಣಿ ಮಿತಿಯನ್ನು ಹದಿನೈದು ಲಕ್ಷದಿಂದ ಮೂವತ್ತಕ್ಕೆ ಏರಿಸಿದರು. ಹಳೆಯ ಮಿತಿಯಿಂದ ನನಗೇನೂ ಅಡಚಣೆಯಾಗಿರಲಿಲ್ಲ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದವನು ತೀರಾ ಅವಸರದವನಿರಬೇಕು. ಕಡಲೆ ಕೈಲಿದ್ದರೆ ಹುರಿದು ಪುಡಿ ಮಾಡಿ, ಒಣಮೆಣಸಿನಕಾಯಿ, ಕೊಬ್ಬರಿ, ಬೆಲ್ಲ ಸೇರಿಸಿ ಬಿಸಿ ಅನ್ನಕ್ಕೆ ತುಪ್ಪದ ಜೊತೆ ಕಲಸಿಕೊಳ್ಳಬಹುದು. ಅದಕ್ಕೆ ಹಲ್ಲು ಯಾಕೆ? (ತುಪ್ಪದ ವಿಷಯ ಡಾಕ್ಟರಿಗೆ ಹೇಳಿಲ್ಲ.)

ಜಿಪುಣತನ ಹೋಯಿತೇ? ಇಲ್ಲ, ಹುದ್ದೆ ಬದಲಾಯಿತು. ಆಗ ಅದು ನೌಕರಿ, ಈಗ ಹವ್ಯಾಸ. ದೇವರಾಜ ಮಾರುಕಟ್ಟೆಯಲ್ಲಿ ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿಗಾಗಿ ಸಾವಕಾಶವಾಗಿ ಚೌಕಾಶಿ ಮಾಡಿ ಗೆಲ್ಲುತ್ತೇನೆ. ಆಮೇಲೆ ಸೊಪ್ಪಿನಮ್ಮ “ಮೊಮ್ಮಗಳಿಗೆ ಜ್ವರ ಯಜಮಾನ್ರೇ” ಅಂದರೆ ಇಪ್ಪತ್ತು ಕೊಟ್ಟು ಬರುತ್ತೇನೆ. ನಮ್ಮಾಕೆಗೆ ಈ ಲೆಕ್ಕ ಇನ್ನೂ ಅರ್ಥವಾಗಿಲ್ಲ. ಬೆಂಗಳೂರಿನ ಮಗನಿಗೆ ಮಾತ್ರ ನಾನು ಹೆಚ್ಚು ಅರ್ಥವಾಗುತ್ತ ಬಂದಿದ್ದೇನೆ. ನನ್ನ ಪಿಂಚಣಿಯ ನಾಲ್ಕರಷ್ಟು ಸಂಬಳ ಅವನಿಗೆ, ಜೊತೆಗೆ ಫ್ಲ್ಯಾಟು, ಕಾರು, ಅವೆರಡರ ಇಎಂಐ. ತಿಂಗಳ ಮೂರನೇ ವಾರ ಫೋನ್ ಮಾಡಿ “ಅಪ್ಪಾ, ದುಡ್ಡು ಗಿಡ್ಡು ಬೇಕಾ?” ಎನ್ನುತ್ತಾನೆ. ದನಿ ಕೇಳಿದರೆ ಸಾಕು, “ಎಷ್ಟು ಕಳಿಸ್ಲಿ?” ಎಂದು ಕೇಳುತ್ತೇನೆ.

ಪಾರ್ಕಿನಲ್ಲಿ ಡಿಎ ಮಾತು ಬಂದಾಗ ಬೆಂಚಿನ ತುದಿಯಲ್ಲಿ ಒಬ್ಬರು ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಕಾರ್ಖಾನೆಯಲ್ಲಿ ದುಡಿದವರು. ಅವರದು ಪಿಎಫ್ ಪಿಂಚಣಿ. 2014ರಲ್ಲಿ ಅದರ ಕನಿಷ್ಠ ಮೊತ್ತವನ್ನು ಸಾವಿರ ರೂಪಾಯಿಗೆ ನಿಗದಿ ಮಾಡಿದರು, ಡಿಎ ಅದಕ್ಕಿಲ್ಲ. ಅವರಿಗೆ ಬೇಳೆ ಬರೀ ಬೇಳೆ. ಅವರು ಬಂದರೆ ನಾವು ಕ್ರಿಕೆಟ್ಟಿಗೆ ಹೊರಳುತ್ತೇವೆ.

ನವೆಂಬರಿನಲ್ಲಿ ಬದುಕಿದ್ದೇನೆಂದು ರುಜುವಾತು ಮಾಡಬೇಕು. ಜೀವಮಾನವಿಡೀ ಸೀಲು ಹೊಡೆದು ಸವೆದ ನನ್ನ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಪುಣ್ಯಕ್ಕೆ ಈಗ ಮುಖ ನೋಡುವ ಆ್ಯಪ್ ಇದೆ. ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿದರೆ ಜೀವಂತ ಎಂದರ್ಥ. ಆ ವಯಸ್ಸಿನಲ್ಲಿ ಯಾರಿಗೂ ಕಣ್ಣು ಹೊಡೆಯದ ನಾನು ಈಗ ವರ್ಷಕ್ಕೊಮ್ಮೆ ಭಾರತ ಸರ್ಕಾರಕ್ಕೆ ಹೊಡೆಯುತ್ತೇನೆ.

ಸರ್ಕಾರಕ್ಕೂ ನಾವು ಬದುಕಿರಬೇಕೆಂಬ ಆಸೆ ಇದ್ದಂತಿದೆ. ಎಂಬತ್ತು ತುಂಬಿದರೆ ಮೂಲ ಪಿಂಚಣಿಗೆ 20 ಪರ್ಸೆಂಟ್ ಹೆಚ್ಚುವರಿ, ಎಂಬತ್ತೈದಕ್ಕೆ 30, ತೊಂಬತ್ತಕ್ಕೆ 40, ತೊಂಬತ್ತೈದಕ್ಕೆ 50. ನೂರಕ್ಕೆ ಪೂರ್ತಿ 100, ಅಂದರೆ ಎರಡರಷ್ಟು! ನೌಕರಿಯಲ್ಲಿದ್ದಾಗ ಬಡ್ತಿಗಾಗಿ ಯಾರ್ಯಾರನ್ನೋ ಓಲೈಸಬೇಕಿತ್ತು. ಇಲ್ಲಿ ಉಸಿರಾಡುತ್ತಿದ್ದರೆ ಆಯಿತು.

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಇದನ್ನು ನಮ್ಮಾಕೆಗೆ ಉತ್ಸಾಹದಿಂದ ವಿವರಿಸಿದೆ.

“ಗೊತ್ತು ಬಿಡಿ” ಎಂದಳು ಮಜ್ಜಿಗೆ ಬಡಿಸುತ್ತ. “ಕುಟುಂಬ ಪಿಂಚಣಿಗೂ ಇದೇ ಲೆಕ್ಕವಂತೆ. ನೀವಿಲ್ದೇ ಹೋದ್ರೂ ಎಂಬತ್ತಾದ್ಮೇಲೆ ನಂಗೂ ಇಪ್ಪತ್ತು ಪರ್ಸೆಂಟ್ ಜಾಸ್ತಿ ಬರತ್ತೆ. ಅದರ ಯೋಚನೆ ಮಾಡ್ಬೇಡಿ.”

ಮರುದಿನದಿಂದ ಪಾರ್ಕಿನಲ್ಲಿ ಒಂದು ಸುತ್ತು ಜಾಸ್ತಿ ಹಾಕುತ್ತಿದ್ದೇನೆ.