ಹಳೇ ಕತ್ತಿಗಳಿಗೆ ಜಾತಕ ಬರೆಯುವ ಮಹನೀಯರಿಗೆ

ತುರ್ವಿಹಾಳ



ನಮ್ಮ ಸೀಮೆಯ ಯಾರ ಅಟ್ಟದಿಂದ ತುಕ್ಕುಗತ್ತಿ ಇಳಿದರೂ ತಾವು ಅದಕ್ಕೆ 1520ರ ರಾಯಚೂರು ಕದನದ ಬಿರುದು ಕೊಟ್ಟೇ ಮಾರುತ್ತೀರಿ. ಕೃಷ್ಣದೇವರಾಯನ ಸೈನಿಕರೂ ಇಸ್ಮಾಯಿಲ್ ಆದಿಲ್ ಶಾಹನ ಸೈನಿಕರೂ, ಪಾಪ, ಬರಿಗೈಲಿ ಊರಿಗೆ ಮರಳಿರಬೇಕು. ಆಯುಧವೆಲ್ಲ ಸಿಂಧನೂರು, ಲಿಂಗಸುಗೂರಲ್ಲೇ ಉಳಿಯಿತಲ್ಲ! ಮುದಗಲ್ ಕೋಟೆಯ ಹೆಸರು ಸೇರಿದರೆ ಬೆಲೆಗೆ ಇನ್ನೊಂದು ಸೊನ್ನೆ.

ಆದರೆ ಕೆಲವು ಕಿಡಿಗೇಡಿ ಸಂಗತಿಗಳು ತಮ್ಮ ವಿದ್ಯೆಗೆ ಅಡ್ಡ ಬರುತ್ತವೆ. ತಾವು ತೋರಿಸುವ ಬಾಕಿನ ಹಿಡಿಗೆ ಜರ್ಮನ್ ಸಿಲ್ವರ್ ಪಟ್ಟಿಯಿದೆ. ತಾಮ್ರ, ನಿಕ್ಕಲ್, ಸತು ಬೆರೆತ, ಬೆಳ್ಳಿಯ ಸೋಂಕೂ ಇಲ್ಲದ ಈ ಲೋಹ ಯುರೋಪಿನ ಮಾರುಕಟ್ಟೆಗೆ ಬಂದದ್ದು 1820ರ ದಶಕದಲ್ಲಿ. ರಾಯರು ಮುನ್ನೂರು ವರ್ಷ ಮೊದಲೇ ಮುಂಗಡ ಕೊಟ್ಟಿದ್ದರೇ? ಇನ್ನು ತುಕ್ಕು. ಕಾಲ ತಿಂದ ಅಲಗು ಒಂದೆಡೆ ಗುಳಿಬಿದ್ದು ಇನ್ನೊಂದೆಡೆ ಕಪ್ಪಾಗಿರುತ್ತದೆ. ಆಸಿಡ್ ತಿಂದದ್ದು ಗೋಡೆಗೆ ಕೆಮ್ಮಣ್ಣು ಬಳಿದಂತೆ ಒಂದೇ ಸಮ.

ಆಕಾರ ನೋಡಿ ಕಾಲ ಹೇಳುತ್ತೇನೆ ಎಂದೀರಿ. ಕೊಡಗಿನ ಪೀಚೆಕತ್ತಿ ಇಂದಿಗೂ ಮದುಮಗನ ನಡುವಿನಲ್ಲಿದೆ, ಹೊಸದಾಗಿಯೂ ತಯಾರಾಗುತ್ತದೆ. ದಕ್ಷಿಣದ ಎಷ್ಟೋ ಕಠಾರಿಗಳ ಹಿಡಿ ಇಲ್ಲಿಯದು, ಅಲಗು ಯುರೋಪಿನದು. ದೂರದ ಮೊರಾಕ್ಕೊದ ಕುಮ್ಮಿಯಾ ಬಾಕಿನದೂ ಇದೇ ಕಥೆ: ಹಳೆಯ ಪರದೇಶಿ ಅಲಗಿಗೆ ಊರಿನ ಹಿಡಿ, ಪ್ರವಾಸಿಗರಿಗಾಗಿ ಹೊಸ ಒರೆ. ಅದಕ್ಕೇ ಬಲ್ಲವರು ಅಲಗು, ಹಿಡಿ, ಒರೆ ಮೂರರ ವಯಸ್ಸನ್ನೂ ಬೇರೆಬೇರೆ ಕೇಳುತ್ತಾರೆ. ತಾವು ಗಿರಾಕಿಯ ಕಿಸೆ ನೋಡಿ ಮೂರಕ್ಕೂ ಒಂದೇ ಉತ್ತರ ಕೊಡುತ್ತೀರಿ.

ನಿಜವಾದ ಹಳತು ಬೇಕೆಂದರೆ ಮಸ್ಕಿ ಪಕ್ಕದಲ್ಲೇ ಇದೆ. ಅಲ್ಲಿ 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಅಗೆಸಿದಾಗ ತಳದ ಪದರದಲ್ಲಿ ಚರ್ಟ್ ಕಲ್ಲಿನ ಪುಟ್ಟ ಅಲಗುಗಳು, ಅದರ ಮೇಲೆ ಬೃಹತ್ ಶಿಲಾಯುಗದ ಕಬ್ಬಿಣ ಸಿಕ್ಕಿದವು. ಅಲ್ಲಿನ ಅಶೋಕನ ಶಾಸನಕ್ಕಿಂತ ಹಿರಿಯ ಕಲ್ಲುಗತ್ತಿಗಳವು. ಅವುಗಳ ವಯಸ್ಸಿಗೆ ಸಾಕ್ಷಿ ಹೇಳಿದ್ದು ಅವು ಹುದುಗಿದ್ದ ಮಣ್ಣು. ತಾವು ಮೊದಲು ತೊಳೆದು ಚೆಲ್ಲುವುದು ಆ ಸಾಕ್ಷಿಯನ್ನೇ, ಉಳಿದದ್ದಕ್ಕೆ ಉಪ್ಪುಕಾಗದವಿದೆ.

ಕೊನೆಗೊಂದು ಬಿನ್ನಹ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತು ಪುರಾವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ತಮ್ಮ ಮಾತು ನಿಜವಾದರೆ ಅಪರಾಧ, ಸುಳ್ಳಾದರೆ ಮೋಸ. ಆದ್ದರಿಂದ ಪರವಾನಗಿ ತೋರಿಸಿ, ಇಲ್ಲವೇ ರಾಯರ ಹೆಸರು ಬಿಡಿ.

ಇಂತಿ,
ತಮ್ಮ ಬಡ ಗಿರಾಕಿ